ಆಡುವ ಮಗುವನ್ನು ಅಳೆಯುವ ಬಗೆ

ಮಳೆಗಾಲ ನೆಲೆಗೊಳ್ಳುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಆರಂಭವಾಗುತ್ತದೆ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಬೇಕು. ದೇವದುರ್ಗದ ಹಳ್ಳಿಯ ಹುಡುಗನೂ ಮಾನ್ವಿಯ ಹುಡುಗಿಯೂ ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದವರೆಗೆ ಬರುವುದು ಈ ದಾರಿಯಿಂದಲೇ. ಈ ದಿನಗಳಲ್ಲಿ ಭಕ್ತರು ಮಕ್ಕಳ ಆರೋಗ್ಯದ ಬಗ್ಗೆ ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಮಗ ಕಬಡ್ಡಿಯಲ್ಲಿ ಆಯ್ಕೆಯಾಗಲಿಲ್ಲ, ಅವನಲ್ಲಿ ಶಕ್ತಿಯಿಲ್ಲವೆ? ಮಗಳು ಖೋ-ಖೋದಲ್ಲಿ ಕಳೆದ ವರ್ಷ ಎಲ್ಲರಿಗಿಂತ ಮುಂದಿದ್ದಳು, ಈ ವರ್ಷ ಹಿಂದೆ ಬಿದ್ದಿದ್ದಾಳೆ, ಏನಾಯಿತು? ಕ್ರೀಡಾ ವಸತಿ ನಿಲಯಕ್ಕೆ ಸೇರಿಸಬಹುದೆ, ಅಥವಾ ಆಟ ಬಿಡಿಸಿ ಓದಿಗೆ ಕೂರಿಸುವುದು ಒಳ್ಳೆಯದೆ?

ಈ ಪ್ರಶ್ನೆಗಳಿಗೆ ಬಹುತೇಕ ಮನೆಗಳಲ್ಲಿ ಒಂದೇ ದಿನದ ಫಲಿತಾಂಶವನ್ನು ನೋಡಿ ಉತ್ತರ ಕೊಡಲಾಗುತ್ತದೆ. ಹನ್ನೆರಡು, ಹದಿಮೂರು ವರ್ಷದ ಮಗುವಿನ ಮುಂದಿನ ದಾರಿಯನ್ನು ಒಂದು ಮಧ್ಯಾಹ್ನದ ಪಂದ್ಯದಿಂದ ತೀರ್ಮಾನಿಸಿದರೆ ಎರಡು ಬಗೆಯ ಹಾನಿ ಉಂಟಾಗುತ್ತದೆ. ನಿಜವಾದ ಪ್ರತಿಭೆಯುಳ್ಳ ಮಗು ಆಟವನ್ನೇ ತೊರೆಯುತ್ತದೆ. ಇಲ್ಲವೆ, ದೇಹ ಬೇಗ ಬಲಿತುದರಿಂದ ಗೆದ್ದ ಮಗುವಿನ ಮೇಲೆ ಹೊರಲಾರದ ಭಾರ ಬೀಳುತ್ತದೆ. ಆದಕಾರಣ ಆಡುವ ಮಗುವಿನ ಕೌಶಲ ಮತ್ತು ಬೆಳವಣಿಗೆಯನ್ನು ಅಳೆಯುವ ಕ್ರಮವನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಹುಟ್ಟಿದ ದಿನ ಎಂಬ ಮೊದಲ ತೊಡಕು

ಶಾಲಾ ಕ್ರೀಡೆಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಿಂಗಡಣೆ ಇರುತ್ತದೆ. ಒಂದು ನಿಗದಿತ ದಿನಾಂಕದ ಈಚೆ ಹುಟ್ಟಿದವರೆಲ್ಲರೂ ಒಂದೇ ಗುಂಪಿಗೆ ಸೇರುತ್ತಾರೆ. ಆ ದಿನಾಂಕದ ಮರುದಿನವೇ ಹುಟ್ಟಿದ ಮಗುವಿಗೂ, ಅದೇ ವರ್ಷದ ಕೊನೆಯಲ್ಲಿ ಹುಟ್ಟಿದ ಮಗುವಿಗೂ ಹನ್ನೊಂದು ತಿಂಗಳ ಅಂತರವಿರುತ್ತದೆ. ನಲವತ್ತರ ವಯಸ್ಸಿನಲ್ಲಿ ಆ ಅಂತರ ಲೆಕ್ಕಕ್ಕಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಅದು ನಾಲ್ಕೈದು ಸೆಂಟಿಮೀಟರ್ ಎತ್ತರ, ಕೆಲವು ಕಿಲೋ ತೂಕ, ಒಂದು ವರ್ಷದ ಅಭ್ಯಾಸ.

ಈ ಸಂಗತಿ ಮೊದಲು ಸ್ಪಷ್ಟವಾಗಿ ಕಂಡದ್ದು ನಮ್ಮ ನಾಡಿಗೆ ಬಹು ದೂರದ ಆಟವೊಂದರಲ್ಲಿ. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಮನೆಮನೆಯ ಆಟ. ಅಲ್ಲಿ ಮಕ್ಕಳ ವಯೋಗುಂಪನ್ನು ಜನವರಿ 1ರಿಂದ ಎಣಿಸುತ್ತಾರೆ. 1980ರ ದಶಕದಲ್ಲಿ ರೋಜರ್ ಬಾರ್ನ್‌ಸ್ಲೀ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ ಉನ್ನತ ಕಿರಿಯ ತಂಡಗಳ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದಾಗ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿರುವುದು ಕಂಡುಬಂತು. ಜನವರಿಯಲ್ಲಿ ಹುಟ್ಟಿದವರಿಗೆ ವಿಶೇಷ ವರವೇನೂ ಇರಲಿಲ್ಲ. ಎಂಟೊಂಬತ್ತು ವರ್ಷದಲ್ಲಿ ಅವರು ತುಸು ದೊಡ್ಡವರಾಗಿ ಕಂಡರು, ಆಯ್ಕೆಯಾದರು. ಆಯ್ಕೆಯಾದುದರಿಂದ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯಗಳು ದೊರೆತವು. ಅದರಿಂದ ನಿಜವಾಗಿಯೂ ಮುಂದಾದರು. ಮೊದಲಿಗೆ ತೋರಿಕೆಯಾಗಿದ್ದ ಅಂತರ ಕ್ರಮೇಣ ನಿಜವಾಯಿತು. ಬೇರೆ ಅನೇಕ ಆಟಗಳಲ್ಲಿಯೂ ಇದೇ ವಿದ್ಯಮಾನ ಕಂಡುಬಂದಿದೆ.

ನಮ್ಮ ಭಾಗದಲ್ಲಿ ಇದರ ಮೇಲೆ ಇನ್ನೊಂದು ತೊಡಕು ಉಂಟು. ಶಾಲೆಯ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂಬುದು ಎಲ್ಲರಿಗೂ ತಿಳಿದ ನಗೆಮಾತು. ದಾಖಲಾತಿಯ ದಿನ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಮಾಸ್ತರರು ಬರೆದದ್ದೇ ಜನ್ಮದಿನ. ಹೀಗೆ ಬರೆದ ತಾರೀಖು ನಿಜವಾದ ವಯಸ್ಸಿಗಿಂತ ಆರು ತಿಂಗಳು ಮುಂದೆಯೂ ಇರಬಹುದು, ಒಂದು ವರ್ಷ ಹಿಂದೆಯೂ ಇರಬಹುದು. ತಾಯಿ ಕಾರ್ಡಿನಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ, ಹೆರಿಗೆಯಾದ ಆಸ್ಪತ್ರೆಯಲ್ಲಿ ನಿಜವಾದ ದಿನಾಂಕ ಸಿಗುವುದಾದರೆ ಅದನ್ನು ಹುಡುಕಿ ತೆಗೆಯಬೇಕು. ಗೆಲುವಿಗಾಗಿ ಬೇಕೆಂದೇ ವಯಸ್ಸನ್ನು ಕಡಿಮೆ ತೋರಿಸುವವರೂ ಇದ್ದಾರೆ. ಅದು ಬೇರೊಂದು ಮನೆಯ ಕೂಸಿನ ಅವಕಾಶವನ್ನು ಕದ್ದಂತೆ. ಇದಕ್ಕಿಂತ ಮೃದುವಾದ ಮಾತು ನಮಗೆ ತೋಚುವುದಿಲ್ಲ. ಇಂಥ ವಂಚನೆಯನ್ನು ತಡೆಯಲೆಂದೇ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 16 ವರ್ಷದೊಳಗಿನ ಬಾಲಕರ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸನ್ನು ನೋಡುತ್ತದೆ.

ದೇಹದ ಗಡಿಯಾರ ಬೇರೆ

ಮೂಳೆಯ ವಯಸ್ಸು ಎಂಬ ಮಾತಿನಲ್ಲಿಯೇ ನಮ್ಮ ವಿಷಯದ ತಿರುಳು ಅಡಗಿದೆ. ಕ್ಯಾಲೆಂಡರಿನ ವಯಸ್ಸು ಒಂದೇ ಆದರೂ ದೇಹ ಬಲಿಯುವ ವೇಗ ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ. ಹದಿಹರೆಯದಲ್ಲಿ ಎತ್ತರ ಹಠಾತ್ತನೆ ಏರುವ ಕಾಲವೊಂದು ಬರುತ್ತದೆ. ಸರಾಸರಿಯಲ್ಲಿ ಹೆಣ್ಣುಮಕ್ಕಳಲ್ಲಿ ಅದು 12ನೆಯ ವರ್ಷದ ಆಸುಪಾಸಿನಲ್ಲಿ, ಗಂಡುಮಕ್ಕಳಲ್ಲಿ 14ನೆಯ ವರ್ಷದ ಆಸುಪಾಸಿನಲ್ಲಿ. ಆಗ ಒಂದು ವರ್ಷದಲ್ಲಿ ಎಂಟೊಂಬತ್ತು ಸೆಂಟಿಮೀಟರ್ ಬೆಳೆಯುವುದು ಸಹಜ. ಆದರೆ ಕೆಲವರಲ್ಲಿ ಈ ಏರಿಕೆ ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಲ್ಲಿ ಎರಡು ವರ್ಷ ತಡವಾಗಿ. 14 ವರ್ಷದೊಳಗಿನ ಕಬಡ್ಡಿ ತಂಡದಲ್ಲಿ ಮೀಸೆ ಚಿಗುರಿದವನೊಬ್ಬ, ಇನ್ನೂ ಕೂಸಿನ ದನಿ ಉಳಿದವನೊಬ್ಬ ಎದುರುಬದುರಾಗಿ ನಿಲ್ಲುವುದು ಇದರಿಂದಲೇ. ಹಿಡಿತಕ್ಕೆ ಸಿಕ್ಕವನನ್ನು ಮೊದಲನೆಯವನು ಬಿಡುವುದಿಲ್ಲ. ಅಂದಮಾತ್ರಕ್ಕೆ ಅವನು ಹೆಚ್ಚು ಕುಶಲಿ ಎಂದಾಗಲಿಲ್ಲ. ಇಪ್ಪತ್ತರ ವಯಸ್ಸಿಗೆ ಇಬ್ಬರೂ ಸಮವಾಗಬಹುದು. ಆಗ ಬಲವನ್ನೇ ನಂಬಿ ಕೌಶಲ ಕಲಿಯದವನು ಹಿಂದೆ ಬೀಳುತ್ತಾನೆ, ಚಿಕ್ಕವನಾಗಿದ್ದಾಗ ತಪ್ಪಿಸಿಕೊಳ್ಳುವ ಉಪಾಯಗಳನ್ನು ಕಲಿತವನು ಮುಂದಾಗುತ್ತಾನೆ.

ಅದೇ ಐಸ್ ಹಾಕಿಯಿಂದ ಇನ್ನೊಂದು ಉದಾಹರಣೆ ಕೊಡಬಹುದು. ಮಾರ್ಟಿನ್ ಸೇಂಟ್ ಲೂಯಿ ಎಂಬ ಕೆನಡಾದ ಆಟಗಾರನನ್ನು ಅಲ್ಲಿನ ವೃತ್ತಿಪರ ತಂಡಗಳ ವಾರ್ಷಿಕ ಆಯ್ಕೆಯಲ್ಲಿ ಯಾರೂ ಆರಿಸಿಕೊಳ್ಳಲಿಲ್ಲ. ಆತನ ಎತ್ತರ ಐದು ಅಡಿ ಎಂಟು ಅಂಗುಲ. ಆ ಆಟದಲ್ಲಿ ಅದು ಕುಳ್ಳು. ಅದೇ ಆಟಗಾರ 2004ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದ, ಅದೇ ವರ್ಷ ಆತನ ತಂಡ ಅಗ್ರ ಪಾರಿತೋಷಕವನ್ನು ಗೆದ್ದಿತು. 2018ರಲ್ಲಿ ಹಾಕಿಯ ಕೀರ್ತಿಮಂದಿರದಲ್ಲಿ ಆತನ ಹೆಸರು ಸೇರಿತು. ಅಳೆದವರು ಅಳೆದದ್ದು ಎತ್ತರವನ್ನು. ಮಂಜಿನ ಮೇಲೆ ಆತನ ಕಣ್ಣಿಗೆ ಕಾಣುತ್ತಿದ್ದುದನ್ನು ಅವರು ಅಳೆಯಲಿಲ್ಲ.

ದೇಹದ ಗಡಿಯಾರವನ್ನು ಮನೆಯಲ್ಲಿಯೇ ತಕ್ಕಮಟ್ಟಿಗೆ ನೋಡಬಹುದು. ಗೋಡೆಗೆ ಹಿಮ್ಮಡಿ, ಪೃಷ್ಠ, ಬೆನ್ನು ತಾಗುವಂತೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಮಟ್ಟಸವಾದ ಹಲಗೆಯಿಟ್ಟು ಗುರುತು ಹಾಕಬೇಕು. ಮೂರು ತಿಂಗಳಿಗೊಮ್ಮೆ, ಬೆಳಗಿನ ಹೊತ್ತಿನಲ್ಲಿಯೇ ಅಳೆಯಬೇಕು, ಏಕೆಂದರೆ ಸಂಜೆಗೆ ಎಲ್ಲರೂ ತುಸು ಕುಗ್ಗಿರುತ್ತೇವೆ. ತೂಕವನ್ನೂ ಪಕ್ಕದಲ್ಲಿ ಬರೆಯಬೇಕು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗೂ ಮಿಕ್ಕಿ ಏರಿದ್ದರೆ ಮಗು ಆ ಏರುಕಾಲದಲ್ಲಿದೆ ಎಂದು ತಿಳಿಯಬಹುದು. ಮಗು ಕೊನೆಗೆ ಎಷ್ಟು ಎತ್ತರವಾದೀತು ಎಂಬುದಕ್ಕೂ ವೈದ್ಯರು ಬಳಸುವ ಸರಳ ಲೆಕ್ಕವಿದೆ. ತಂದೆ ತಾಯಿಯರ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣುಮಗುವಾದರೆ 13 ಕಳೆದು, ಅರ್ಧ ಮಾಡಬೇಕು. ಎಂಟು ಸೆಂಟಿಮೀಟರ್ ಆಚೀಚೆ ಆಗಬಹುದಾದ ಅಂದಾಜು ಅದು. ವಾಲಿಬಾಲಿಗೆ ಮಗನನ್ನು ಸೇರಿಸಬೇಕೆಂದಿರುವ ತಂದೆಗೆ ಇಷ್ಟು ಸಾಕು.

ಕಳೆದ ವರ್ಷ ಮುಂದಿದ್ದು ಈ ವರ್ಷ ಹಿಂದೆ ಬಿದ್ದ ಖೋ-ಖೋ ಹುಡುಗಿಯ ಪ್ರಶ್ನೆಗೆ ಬಹಳ ಸಲ ಉತ್ತರ ಈ ಗೋಡೆಯ ಗುರುತಿನಲ್ಲಿಯೇ ಇರುತ್ತದೆ. ಏರುಕಾಲದಲ್ಲಿ ಮೊದಲು ಕಾಲುಗಳು ಉದ್ದವಾಗುತ್ತವೆ, ಮುಂಡ ಆಮೇಲೆ ಬೆಳೆಯುತ್ತದೆ. ಹಳೆಯ ಕಾಲಿನ ಲೆಕ್ಕದಲ್ಲಿ ತಿರುಗುತ್ತಿದ್ದ ಮಗು ಹೊಸ ಕಾಲಿನಲ್ಲಿ ಎಡವುತ್ತದೆ. ಕಂಬ ಸುತ್ತುವಾಗ ಜಾರುತ್ತದೆ. ಇದು ಕೆಲವು ತಿಂಗಳ ಮಾತು. ಈ ಕಾಲದಲ್ಲಿ ಬೈಗುಳಕ್ಕಿಂತ ಸಮತೋಲನದ ಸರಳ ವ್ಯಾಯಾಮ ಉಪಯುಕ್ತ. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬಿ ನೋಯುವುದು, ಹಿಮ್ಮಡಿ ನೋಯುವುದು ಕೂಡ ಈ ಏರುಕಾಲದಲ್ಲಿಯೇ ಹೆಚ್ಚು. ಸ್ನಾಯು ಎಳೆಯುವ ಜಾಗದಲ್ಲಿ ಮೂಳೆ ಇನ್ನೂ ಎಳೆಯದು. ಓಟ ಜಿಗಿತಗಳನ್ನು ತಗ್ಗಿಸಿದರೆ ಬಹುತೇಕ ಗುಣವಾಗುತ್ತದೆ. ನೋವಿನ ಮಾತ್ರೆ ನುಂಗಿಸಿ ಪಂದ್ಯಕ್ಕೆ ಇಳಿಸುವುದು ಮಾತ್ರ ಕೂಡದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಕಡೆ ಏರುತ್ತಲೇ ಹೋಗುವ ಊತ, ಕುಂಟು ನಡಿಗೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೌಶಲ ಎಂದರೆ ಯಾವುದು

ಖೇಲೋ ಇಂಡಿಯಾ ಯೋಜನೆಯ ಶಾಲಾ ದೈಹಿಕ ಕ್ಷಮತೆಯ ಪರೀಕ್ಷೆಗಳು ಈಗ ಅನೇಕ ದೈಹಿಕ ಶಿಕ್ಷಕರಿಗೆ ಪರಿಚಿತ. ನಾಲ್ಕನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯುಗಳ ಬಲ, ದಂಡ ಹೊಡೆಯುವುದು ಇವನ್ನು ನೋಡುತ್ತಾರೆ. ಗಡಿಯಾರ, ಅಳತೆಪಟ್ಟಿ, ಚಾಪೆ ಇದ್ದರೆ ಸಾಕು. ಆದರೆ ಒಂದೇ ನೆಲದಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮಾನ್ವಿಯ ಎರೆಮಣ್ಣು ಮಳೆಯಲ್ಲಿ ಕಾಲನ್ನು ಹಿಡಿದೆಳೆಯುತ್ತದೆ, ಬೇಸಿಗೆಯಲ್ಲಿ ಬಿರಿದು ಪಾದ ಹೊರಳಿಸುತ್ತದೆ. ಅಲ್ಲಿ ಓಡಿದ ಮಗುವಿನ ಸೆಕೆಂಡುಗಳನ್ನು ಹದವಾದ ಅಂಕಣದಲ್ಲಿ ಓಡಿದವನ ಸೆಕೆಂಡುಗಳ ಪಕ್ಕದಲ್ಲಿಡುವುದು ನ್ಯಾಯವಲ್ಲ. ಮಗುವನ್ನು ಅದರ ಮೂರು ತಿಂಗಳ ಹಿಂದಿನ ಅಳತೆಯೊಡನೆಯೇ ಹೋಲಿಸುವುದು ಲೇಸು.

ಈ ಪರೀಕ್ಷೆಗಳು ದೇಹದ ಕ್ಷಮತೆಯನ್ನು ತಿಳಿಸುತ್ತವೆ, ಆಟವನ್ನಲ್ಲ. ಕೌಶಲವನ್ನು ಆಟದೊಳಗೆ ಕುಳಿತು ನೋಡಬೇಕು. ಕಬಡ್ಡಿಯಲ್ಲಿ ದಾಳಿಗೆ ಹೋದ ಮಗು ಉಸಿರು ಹಿಡಿದುಕೊಂಡೇ ಎದುರಾಳಿಗಳ ಕಾಲನ್ನು ನೋಡುತ್ತದೆಯೆ, ಬರಿಯ ಕೈ ಬೀಸುತ್ತದೆಯೆ? ಬೋನಸ್ ಗೆರೆ ದಾಟಿದ ಮೇಲೆ ಹಿಂದಿರುಗುವ ದಾರಿಯನ್ನು ಮೊದಲೇ ಎಣಿಸಿರುತ್ತದೆಯೆ? ಖೋ-ಖೋದಲ್ಲಿ ಬೆನ್ನಟ್ಟುವವಳು ಯಾರಿಗೆ ಖೋ ಕೊಡಬೇಕೆಂದು ಓಡುತ್ತಲೇ ನಿರ್ಧರಿಸುತ್ತಾಳೆಯೆ, ನಿಂತು ಯೋಚಿಸುತ್ತಾಳೆಯೆ? ತಪ್ಪಿದ ಮೇಲೆ ಮುಂದಿನ ಸರದಿಯಲ್ಲಿ ಅದೇ ತಪ್ಪು ಮರುಕಳಿಸುತ್ತದೆಯೆ? ನಮ್ಮ ಅನಿಸಿಕೆಯಲ್ಲಿ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಹೊಸದೊಂದನ್ನು ಹೇಳಿಕೊಟ್ಟರೆ ಎಷ್ಟು ದಿನಗಳಲ್ಲಿ ಕಲಿಯುತ್ತದೆ ಎಂಬುದು ಇಂದು ಎಷ್ಟು ಗೊತ್ತಿದೆ ಎಂಬುದಕ್ಕಿಂತ ಹೆಚ್ಚು ಭರವಸೆಯ ಅಳತೆ. ಅದಕ್ಕೆ ಮೂರು ನಾಲ್ಕು ಬಾರಿಯಾದರೂ, ಬೇರೆ ಬೇರೆ ದಿನಗಳಲ್ಲಿ, ಸಾಧ್ಯವಾದರೆ ಇಬ್ಬರು ನೋಡಬೇಕು. ಚಿಕ್ಕಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕುವುದೂ ಸಲ್ಲದು. ಹನ್ನೆರಡರವರೆಗೆ ಓಟ, ಚೆಂಡಾಟ, ಮರ ಹತ್ತುವುದು, ಈಜು ಎಲ್ಲವೂ ಇರಲಿ.

ಆಟ ಬೇರೂರಿದ ನೆಲದಲ್ಲಿ ಪ್ರತಿಭೆ ತಾನಾಗಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಕೊಡಗು ಸಾಕ್ಷಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಂದು 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವ ಕಡೆ ಮಗುವಿನ ಆಟವನ್ನು ಒಂದು ದಿನ ನೋಡಿ ತೀರ್ಮಾನಿಸುವ ಪ್ರಸಂಗವೇ ಬರುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆಡಿದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅದೇ ವರ್ಷ ಭಾರತದ ಮಹಿಳಾ ಐಸ್ ಹಾಕಿ ತಂಡ ಏಷ್ಯಾದ ಪಂದ್ಯಾವಳಿಯಲ್ಲಿ ಕಂಚು ಗೆದ್ದಿತು. ಅವರಲ್ಲಿ ಹೆಚ್ಚಿನವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಬೆಳೆದ ಲಡಾಖಿನ ಹೆಣ್ಣುಮಕ್ಕಳು.

ರಕ್ತವನ್ನು ನೋಡದೆ ಆಟವನ್ನು ನೋಡಬಾರದು

ಈಗ ನಮ್ಮ ಜಿಲ್ಲೆಗೆ ಅತ್ಯಂತ ಮುಖ್ಯವಾದ ಮಾತು. 600 ಮೀಟರ್ ಓಟದಲ್ಲಿ ಅರ್ಧಕ್ಕೆ ನಿಂತು ಏದುಸಿರು ಬಿಡುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಹಿಮೋಗ್ಲೋಬಿನ್ ನೋಡಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿದೆ. 5ರಿಂದ 11 ವರ್ಷದ ಮಕ್ಕಳಿಗೆ 11.5 ಗ್ರಾಂ, 12ರಿಂದ 14ರವರಿಗೆ 12 ಗ್ರಾಂ, ಅದಕ್ಕೂ ದೊಡ್ಡ ಹೆಣ್ಣುಮಕ್ಕಳಿಗೆ 12, ಗಂಡುಮಕ್ಕಳಿಗೆ 13 ಗ್ರಾಂ. ಇದಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಸ್ನಾಯುಗಳಿಗೆ ಪ್ರಾಣವಾಯುವನ್ನು ಒಯ್ಯುವುದೇ ಹಿಮೋಗ್ಲೋಬಿನ್ ಆದುದರಿಂದ, ಅದು 9ಕ್ಕೆ ಇಳಿದ ಮಗುವಿನಿಂದ ದೂರದ ಓಟವನ್ನು ಬಯಸುವುದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ಏರಿಸಿದಂತೆ. ಎಷ್ಟೋ ಹೆಣ್ಣುಮಕ್ಕಳನ್ನು ಆಯ್ಕೆಯಿಂದ ಹೊರಗಿಟ್ಟದ್ದು ಕೌಶಲದ ಕೊರತೆಯಲ್ಲ, ಕಬ್ಬಿಣಾಂಶದ ಕೊರತೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ ಫೋಲಿಕ್ ಆಮ್ಲವೂ ಇರುತ್ತವೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುವುದುಂಟು. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ, ಕಪ್ಪಾಗುವುದು ಅಪಾಯವಲ್ಲ. ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು. ರಕ್ತಹೀನತೆ ಪತ್ತೆಯಾದವರಿಗೆ ವಾರದ ಮಾತ್ರೆ ಸಾಲದು, ವೈದ್ಯರು ಹೇಳಿದಷ್ಟು ದಿನ ಚಿಕಿತ್ಸೆ ಆಗಬೇಕು. ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿಯೂ ಈ ಪರೀಕ್ಷೆ ಮಾಡಿಸಬಹುದು.

ಆಹಾರದ ಬಗ್ಗೆ ದೊಡ್ಡ ಪಟ್ಟಿ ಬೇಡ. ಕಾಲುವೆಯ ನೀರು ಬಂದ ಮೇಲೆ ನಮ್ಮ ಅನೇಕ ಹಳ್ಳಿಗಳ ತಟ್ಟೆಯಲ್ಲಿ ಅನ್ನ ಹೆಚ್ಚಿತು, ಜೋಳ ಸಜ್ಜೆಗಳು ಹಿಂದೆ ಸರಿದವು. ಆಡುವ ಮಗುವಿಗೆ ರೊಟ್ಟಿಯನ್ನು ಮರಳಿ ಕೊಡಬೇಕು. ಸಜ್ಜೆಯಲ್ಲಿ ಕಬ್ಬಿಣಾಂಶ ಅಕ್ಕಿಗಿಂತ ಬಹಳ ಹೆಚ್ಚು. ಜೊತೆಗೆ ತೊಗರಿಬೇಳೆ, ಮೊಳಕೆ ಬಂದ ಹೆಸರುಕಾಳು, ಶೇಂಗಾ ಹಿಂಡಿ, ಪುಂಡಿಪಲ್ಯ, ಹಾಲು ಮೊಸರು. ಸಸ್ಯಾಹಾರದ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ನಿಧಾನ. ಊಟದೊಡನೆ ಅರ್ಧ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ, ಊಟದೊಡನೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಬರಿಯ ಚಹಾ ಕುಡಿಸಿ ಅಭ್ಯಾಸಕ್ಕೆ ಕಳುಹಿಸುವ ರೂಢಿಯನ್ನು ಬಿಡಬೇಕು. ಒಂದು ಬಾಳೆಹಣ್ಣು, ಹಿಡಿ ಹುರಿದ ಶೇಂಗಾ, ತುಸು ಬೆಲ್ಲ ಎಲ್ಲರ ಮನೆಯಲ್ಲಿಯೂ ಉಂಟು. ಡಬ್ಬಿಯ ಪ್ರೋಟೀನ್ ಪುಡಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಹಲ್ಲಿನ ಮೇಲೆ ಕಂದು ಕಲೆ, ಕೀಲುಗಳಲ್ಲಿ ಬಿಗಿತ ಇರುವ ಮಗುವಿನ ಮನೆಯ ಕುಡಿಯುವ ನೀರನ್ನು ಪರೀಕ್ಷೆಗೆ ಕೊಡಬೇಕು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಋತುಮತಿಯಾದ ಕೂಡಲೇ ಮೈದಾನದಿಂದ ಬಿಡಿಸುವ ಮನೆಗಳು ಇನ್ನೂ ಇವೆ. ಶರಣಧರ್ಮವು ಒಪ್ಪದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದೆಂಬುದನ್ನು ಭಕ್ತರಿಗೆ ನೆನಪಿಸಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿ ಆಡುವುದರಿಂದ ದೇಹಕ್ಕೆ ಕೇಡಿಲ್ಲ; ನೋವಿದ್ದರೆ ವಿಶ್ರಾಂತಿ ಬೇಕು, ಅಷ್ಟೆ. 15 ವರ್ಷವಾದರೂ ಋತುಮತಿಯಾಗದಿದ್ದರೆ, ಅಥವಾ ಅಭ್ಯಾಸ ಹೆಚ್ಚಿದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ, ತಿನ್ನುವುದು ಆಟಕ್ಕೆ ಸಾಲುತ್ತಿಲ್ಲವೆಂಬ ಸೂಚನೆ ಇರಬಹುದು. ವೈದ್ಯೆಗೆ ತೋರಿಸಬೇಕು.

ರಾಯಚೂರಿನ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ! ಮಾರ್ಚಿನಿಂದ ಜೂನ್ ಆರಂಭದವರೆಗೆ ಬೆಳಗಿನ ಎಂಟರೊಳಗೆ ಅಭ್ಯಾಸ ಮುಗಿಯಬೇಕು, ಆಯ್ಕೆಯ ಪರೀಕ್ಷೆಗಳನ್ನು ಮಧ್ಯಾಹ್ನ ಇಡಲೇಬಾರದು. ತಲೆಸುತ್ತಿ ಮಾತು ತೊದಲಿದ ಮಗುವನ್ನು ತಕ್ಷಣ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಆಸ್ಪತ್ರೆಗೆ ಸಾಗಿಸಬೇಕು.

ಕ್ರೀಡಾ ವಸತಿ ನಿಲಯದ ಪ್ರಶ್ನೆಗೆ ಬರೋಣ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ನಿಲಯಗಳು ಬಡವರ ಮಕ್ಕಳಿಗೆ ದೊಡ್ಡ ಆಸರೆ. ಊಟ, ವಸತಿ, ತರಬೇತಿ, ಓದು ಒಂದೇ ಕಡೆ ದೊರೆಯುತ್ತವೆ. ಸೇರಿಸುವ ಮೊದಲು ಮಗುವಿನ ಇಚ್ಛೆಯನ್ನು ಅದರ ಬಾಯಿಂದಲೇ ಕೇಳಬೇಕು. ವಾರದಲ್ಲಿ ಒಂದು ದಿನವಾದರೂ ಪೂರ್ಣ ಬಿಡುವು ಇದೆಯೆ, ವಾರದ ತರಬೇತಿಯ ತಾಸುಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರುತ್ತವೆಯೆ, ಗಾಯವಾದರೆ ಯಾರು ನೋಡುತ್ತಾರೆ, ಹೆಣ್ಣುಮಕ್ಕಳಿಗೆ ಮಹಿಳಾ ಮೇಲ್ವಿಚಾರಕರು ಇದ್ದಾರೆಯೆ ಎಂದು ತಿಳಿದುಕೊಳ್ಳಬೇಕು. ಈ ವರ್ಷ ಆಯ್ಕೆಯಾಗದ ಮಗುವಿನ ಎತ್ತರ ಇನ್ನೂ ಏರದಿದ್ದರೆ, ರಕ್ತ ಕಡಿಮೆಯಿದ್ದರೆ, ಆ ತೀರ್ಪನ್ನು ಒಂದು ವರ್ಷ ಮುಂದೂಡಿ, ಆಟ ಮುಂದುವರಿಸಿ ಮತ್ತೆ ಕಳುಹಿಸುವುದು ಸೂಕ್ತ.

ಸುಗ್ಗಿಯ ಕೆಲಸ ಮುಗಿದ ಮೇಲೆ ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಬಹಳ. ಮಗು ಜೊತೆಗೆ ಹೋದರೆ ಶಾಲೆಯೂ ಅಭ್ಯಾಸವೂ ಅಳತೆಯೂ ಒಟ್ಟಿಗೆ ಕಡಿಯುತ್ತವೆ. ಅಜ್ಜ ಅಜ್ಜಿಯರ ಬಳಿ ಅಥವಾ ವಸತಿ ನಿಲಯದಲ್ಲಿ ಉಳಿಸಲು ಸಾಧ್ಯವಾದರೆ ಉಳಿಸಬೇಕು. ಆಗದಿದ್ದರೆ ಜನ್ಮದಿನ, ಮೂರು ತಿಂಗಳಿಗೊಮ್ಮೆಯ ಎತ್ತರ ತೂಕ, ಹಿಮೋಗ್ಲೋಬಿನ್, ಓಟದ ಸೆಕೆಂಡುಗಳು, ಆದ ಗಾಯಗಳು ಇಷ್ಟನ್ನೂ ಬರೆದಿಟ್ಟ ಇನ್ನೂರು ಪುಟದ ಒಂದು ನೋಟಬುಕ್ಕನ್ನು ಗಂಟಿನಲ್ಲಿ ಇಟ್ಟುಕೊಂಡು ಹೋಗಲಿ. ಹೋದಲ್ಲಿಯ ಶಾಲೆಯ ದೈಹಿಕ ಶಿಕ್ಷಕರು ಅದನ್ನು ನೋಡಿ ಅಲ್ಲಿಂದಲೇ ಮುಂದುವರಿಸಬಹುದು.